ಮನೆ ಇಲ್ಲದ ಸಂಸಾರಗಳಿಗೆ ಪುರಸಭೆ ಪ್ಲ್ಯಾನ್ ಮಾಡೋದು ಹೇಗೆ?

ಮನೆ ಇಲ್ಲದವರ ಮಾತು ಬಂದ ಕೂಡ್ಲೇ ಬಹಳಷ್ಟು ಊರುಗಳಲ್ಲಿ ಒಂದು ಹಾಲ್, ಇಪ್ಪತ್ತು ಮಂಚ, ಹೊರಗೊಂದು ಬೋರ್ಡ್, ಅಲ್ಲಿಗೆ ಕೆಲಸ ಮುಗೀತು ಅಂದ್ಕೋತಾರೆ. ಆದ್ರೆ ಗಂಡ ಹೆಂಡ್ತಿ, ಮೂರು ಮಕ್ಕಳು, ಜೊತೆಗೊಬ್ಬ ಅಜ್ಜಿ ಇರೋ ಸಂಸಾರ ಅಲ್ಲಿಗೆ ಬರಲ್ಲ, ಯಾಕಂದ್ರೆ ಗಂಡಸ್ರು ಇಲ್ಲಿ ಹೆಂಗಸ್ರು ಇನ್ನೊಂದ್ ಕಡೆ ಅಂತ ಬೇರೆ ಮಾಡ್ತಾರೆ, ಹನ್ನೆರಡು ವರ್ಷದ ಹುಡುಗ ಯಾರ ಜೊತೆ ಮಲಗ್ಬೇಕು ಅನ್ನೋದಕ್ಕೆ ಉತ್ತರ ಇರಲ್ಲ, ಪಾತ್ರೆ ಸ್ಟೌ ಇಡೋಕೆ ಜಾಗ ಇರಲ್ಲ, ಹಾಗಾಗಿ ಫ್ಲೈಓವರ್ ಕೆಳಗೇ ವಾಸಿ ಅಂತ ಉಳಿದ್ಬಿಡ್ತಾರೆ. ಇಡೀ ಪ್ಲ್ಯಾನ್ ಸಂಸಾರವನ್ನ ಒಡೀದಂಗೆ ಇರ್ಬೇಕು, ಇದೊಂದು ಸರಿಹೋದ್ರೆ ಮಿಕ್ಕಿದ್ದು ದಾರಿಗೆ ಬರುತ್ತೆ.

ಮೊದಲ ಕೆಲಸ ಎಣಿಸೋದು, ಅದೂ ರಾತ್ರಿ ಹೊತ್ತು. 2011ರ ಜನಗಣತಿಯಲ್ಲೂ ಮನೆ ಇಲ್ಲದವರನ್ನ ಫೆಬ್ರವರಿ 28ರ ರಾತ್ರಿನೇ ಎಣಿಸಿದ್ದು, ದೇಶದಲ್ಲಿ ಸುಮಾರು 17.7 ಲಕ್ಷ ಜನ ಲೆಕ್ಕಕ್ಕೆ ಸಿಕ್ಕಿದ್ರು. ನೀವು ಜನವರಿಯಲ್ಲಿ ಮಾಡಿ, ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ಮಾರ್ಕೆಟ್ಟು, ಕಟ್ತಾ ಇರೋ ಬಿಲ್ಡಿಂಗ್ ಪಕ್ಕದ ಶೆಡ್ಡು ಎಲ್ಲಾ ಕಡೆ ಆಶಾ ಕಾರ್ಯಕರ್ತೆಯರನ್ನ, ಪೌರಕಾರ್ಮಿಕರನ್ನ ಜೊತೆಗೆ ಕರ್ಕೊಂಡು ಹೋಗಿ, ಯಾರು ಎಲ್ಲಿ ಮಲಗ್ತಾರೆ ಅಂತ ಅವರಿಗೇ ಗೊತ್ತಿರೋದು. ಎಷ್ಟು ಮಕ್ಕಳು, ಶಾಲೆಗೆ ಹೋಗ್ತಾರಾ, ಕೆಲಸ ಎಲ್ಲಿ, ರೇಷನ್ ಕಾರ್ಡ್ ಯಾವ ಊರಿಂದು, ಇಷ್ಟನ್ನೂ ಬರ್ಕೊಳ್ಳಿ.

ಇನ್ನೊಂದು ಪಟ್ಟಿ ಬೇಕೇ ಬೇಕು, ಸೂರು ಇದ್ದೂ ಇಲ್ಲದಂಗಿರೋರದ್ದು. ಒಂದು ಶೀಟ್ ಮನೆ ಒಳಗೆ ಮಳೆಗಾಲದಲ್ಲಿ ಹೋಗಿ ನೋಡಿ, ಟ್ರಂಕನ್ನ ನಾಲ್ಕು ಇಟ್ಟಿಗೆ ಮೇಲೆ ಎತ್ತಿಟ್ಟಿರ್ತಾರೆ, ಆಧಾರ್, ಹಕ್ಕುಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡ್ ಎಲ್ಲಾ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ತೊಲೆಗೆ ನೇತಾಕಿರ್ತಾರೆ, ಮೋರಿ ನೀರು ಬಾಗಿಲಿಂದ ಒಳಗೆ ಬರ್ತಿರುತ್ತೆ, ತಾಯಿ ರಾತ್ರಿಯೆಲ್ಲಾ ಮಗ್ ಹಿಡ್ಕೊಂಡು ನೀರು ಎತ್ತಿ ಹೊರಗೆ ಹಾಕ್ತಿರ್ತಾಳೆ. ಗೋಡೆ ಬಿದ್ದ ದಿನ ಇವರೂ ಬೀದಿಗೆ ಬರ್ತಾರೆ. ಅದಕ್ಕೇ ನನ್ನ ಪ್ರಕಾರ ಮೊದಲ ದುಡ್ಡು ಇಲ್ಲಿಗೇ ಹೋಗ್ಬೇಕು, ಮೇ ಮುಗಿಯೋದ್ರೊಳಗೆ ಮೋರಿ ಸರಿ ಮಾಡಿ, ಶೀಟ್ ಬದಲಾಯಿಸಿ, ಶೌಚಾಲಯ ಕೊಡಿ. ಆ ಜಾಗ ಸ್ಲಂ ಅಂತ ಘೋಷಣೆ ಆಗಿಲ್ಲ ಅಂದ್ರೆ 1973ರ ಕರ್ನಾಟಕ ಕೊಳಗೇರಿ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಘೋಷಣೆಗೆ ಈಗಲೇ ಪ್ರಪೋಸಲ್ ಕಳಿಸಿ, ಘೋಷಣೆ ಇಲ್ದೆ ಸ್ಲಂ ಬೋರ್ಡ್ ಕೆಲಸ ಮುಂದಕ್ಕೆ ಹೋಗೋದು ಕಷ್ಟ.

ಈಗ ಶೆಲ್ಟರ್, ಅಂದ್ರೆ ಮನೆ ಇಲ್ಲದವರು ತಂಗೋ ಜಾಗದ ವಿಷಯ. 2024ರಲ್ಲಿ ಮುಗಿದ ಕೇಂದ್ರದ ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್ ಮಾರ್ಗಸೂಚಿಯಲ್ಲಿ 1 ಲಕ್ಷ ಜನಸಂಖ್ಯೆಗೆ 100 ಜನ ಇರುವಂಥ ವ್ಯವಸ್ಥೆ, ತಲೆಗೆ ಕನಿಷ್ಠ 50 ಚದರ ಅಡಿ ಅಂತ ಇತ್ತು, ಕುಟುಂಬಗಳಿಗೇ ಅಂತ ಪ್ರತ್ಯೇಕ ಶೆಲ್ಟರ್ ಮಾಡೋಕೂ ಅವಕಾಶ ಇತ್ತು. ಅದೇ ಅಳತೆ ಇಟ್ಕೊಳ್ಳಿ. ಹಾಲ್ ಬೇಡ, ಒಳಗಿಂದ ಚಿಲಕ ಹಾಕ್ಕೊಳ್ಳೋ ಸಣ್ಣ ಸಣ್ಣ ರೂಮು, ಅಡುಗೆಗೆ ಜಾಗ, ಪಕ್ಕದಲ್ಲೇ ಅಂಗನವಾಡಿ. ಬಹುಮುಖ್ಯವಾಗಿ ಅವರ ದುಡಿಮೆ ಇರೋ ಕಡೆನೇ ಇರ್ಬೇಕು, ಊರಾಚೆ ಕಟ್ಟಿಸಿದ್ರೆ ಬೆಳಿಗ್ಗೆ ಐದಕ್ಕೆ ಹೂ ಮಾರ್ಕೆಟ್ಟಿಗೆ ಬರೋ ಹೆಂಗಸು ಬಸ್ಸಿಗೆ ಎಲ್ಲಿಂದ ದುಡ್ಡು ತರ್ತಾಳೆ?

ಶೆಲ್ಟರಿಂದ ಹೊರಗೆ ಹೋಗೋ ದಾರಿನೂ ಮೊದ್ಲೇ ಯೋಚ್ನೆ ಮಾಡಿಟ್ಕೊಳ್ಳಿ. ತಿಂಗಳ ಬಾಡಿಗೆ ಕಟ್ಟೋ ತಾಕತ್ತು ಎಷ್ಟೋ ಜನಕ್ಕೆ ಇರುತ್ತೆ, ಆದ್ರೆ ಒಟ್ಟಿಗೆ ಕೇಳೋ ಅಡ್ವಾನ್ಸ್ ಹೊಂದ್ಸೋಕಾಗಲ್ಲ, ಇಲ್ಲಿ ಸ್ವಸಹಾಯ ಸಂಘದ ಸಾಲ ಕೊಡ್ಸಿದ್ರೂ ದೊಡ್ಡ ಉಪಕಾರ. ಜೊತೆಗೆ ವಸತಿ ಯೋಜನೆಗಳಿಗೆ ಅರ್ಜಿ ಹಾಕ್ಸಿ.

ದುಡ್ಡಿಲ್ಲ ಅಂತಾರೆ. ಬಜೆಟ್‌ಗಿಂತ ಮುಂಚೆ, ಅಂದ್ರೆ ಫೆಬ್ರವರಿಯಲ್ಲೇ ನಿಮ್ಮ ಪಟ್ಟಿ ಮೇಜಿನ ಮೇಲಿರ್ಬೇಕು. ಪುರಸಭೆಯಂಥ ನಗರ ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25 ಅಂತ ಎತ್ತಿಡ್ತವೆ, ಹೋದ ವರ್ಷ ಅದರಲ್ಲಿ ಎಷ್ಟು ಖರ್ಚಾಗಿದೆ ಅಂತ ಕೇಳಿ, ಉತ್ತರವನ್ನ ಲಿಖಿತವಾಗಿ ತಗೊಳ್ಳಿ.

ಆಮೇಲೆ ಮೂರು ತಿಂಗಳಿಗೊಮ್ಮೆ ಆ ಎರಡೂ ಪಟ್ಟಿ ಹಿಡ್ಕೊಂಡು ಮೀಟಿಂಗ್ ಮಾಡಿ, ಪಟ್ಟಿಯಲ್ಲಿರೋ ಒಂದೆರಡು ಹೆಂಗಸರನ್ನೂ ಕೂರಿಸ್ಕೊಳ್ಳಿ, ಯಾವ ಸಂಸಾರ ಮನೆ ಸೇರ್ತು, ಯಾವುದು ಇನ್ನೂ ಅಲ್ಲೇ ಇದೆ, ಯಾವುದು ಹೊಸದಾಗಿ ಬಂತು ಅಂತ ಒಂದೊಂದಾಗಿ ಓದ್ಸಿ.