ಜರ್ಮನಿಗೆ ಹೊರಟಾಗ ಟಿವಿ ಯಾಕೆ ಬಿಟ್ಟು ಹೋದೆವು

ಮನೆಯವರಿಗೆ ಮ್ಯೂನಿಕ್‌ನಲ್ಲಿ ಕೆಲಸವಾಗಿ ವಿಜಯನಗರದ ಮನೆ ಖಾಲಿ ಮಾಡುವಾಗ ಪಾತ್ರೆಪಡಗ, ಬಟ್ಟೆಬರೆಗಳ ತೀರ್ಮಾನ ಬೇಗ ಆಯಿತು. ಉಳಿದದ್ದು 43 ಇಂಚಿನ ಟಿವಿ. ಇನ್ನೂ ಹೊಸದು, ಸುಮ್ಮನೆ ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

ಗೋಡೆಯಿಂದ ಇಳಿಸಿ ಹಿಂದಿನ ಚೀಟಿ ಓದಿದೆ: 100–240 ವೋಲ್ಟ್, 50/60 ಹರ್ಟ್ಸ್. ಹೀಗಿದ್ದರೆ ಅಮೆರಿಕದ 120 ವೋಲ್ಟಿನಲ್ಲೂ ಓಡುತ್ತದೆ. ಜರ್ಮನಿಯಲ್ಲಂತೂ ನಮ್ಮ ಹಾಗೇ 230 ವೋಲ್ಟ್. ಬರೀ 220–240 ಎಂದಿದ್ದರೆ ಮಾತ್ರ ಅಮೆರಿಕಕ್ಕೆ ಒಯ್ಯುವ ಯೋಚನೆ ಅಲ್ಲೇ ಬಿಡಿ.

ಕರೆಂಟ್ ಹೊಂದಿದರೂ ಚಾನೆಲ್ ಬರಬೇಕಲ್ಲ. ಆಂಟೆನಾದಿಂದ ಚಾನೆಲ್ ಹಿಡಿಯುವ ಟ್ಯೂನರ್ ಎಲ್ಲ ಕಡೆ ಒಂದೇ ಅಲ್ಲ, ಪ್ರಸಾರದ ಪದ್ಧತಿಯೇ ಬೇರೆ ಬೇರೆ: ಅಮೆರಿಕದಲ್ಲಿ ಎಟಿಎಸ್‌ಸಿ, ಜಪಾನಿನಲ್ಲಿ ಐಎಸ್‌ಡಿಬಿ-ಟಿ, ಜರ್ಮನಿಯಲ್ಲಿ ಡಿವಿಬಿ-ಟಿ2. ನಾವು ನೋಡುವುದೆಲ್ಲ ಇಂಟರ್ನೆಟ್ಟಿನಲ್ಲೇ, ಟಿವಿಯ ಎಚ್‌ಡಿಎಂಐ ಕಿಂಡಿಗೆ ಇಂಟರ್ನೆಟ್ ಕಾರ್ಯಕ್ರಮ ತೋರಿಸುವ ಸ್ಟಿಕ್ ಸಿಕ್ಕಿಸಿದರೆ ಆಯಿತು. ಹಾಗಾಗಿ ಇದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಕೊನೆಗೆ ಅಡ್ಡ ಬಂದದ್ದು ಅಳತೆ. ಟಿವಿಯ ಡಬ್ಬಕ್ಕೆ ಟೇಪು ಹಿಡಿದರೆ ಉದ್ದ 106, ಎತ್ತರ 66, ದಪ್ಪ 14 ಸೆಂ.ಮೀ. ಕೂಡಿದರೆ 186. ವಿಮಾನದ ಚೆಕ್-ಇನ್ ಸಾಮಾನಿಗೆ ಸಾಮಾನ್ಯವಾಗಿ ಇರುವ ಮಿತಿ 158. ಕೊರಿಯರಿನವರು ಡಬ್ಬ ಹಿಡಿಯುವ ಜಾಗವನ್ನೂ ತೂಕವಾಗಿ ಲೆಕ್ಕ ಹಾಕುತ್ತಾರೆ: ಈ ಮೂರನ್ನೂ ಗುಣಿಸಿ 5000ದಿಂದ ಭಾಗಿಸುತ್ತಾರೆ, ಬರುವುದು ಹತ್ತಿರ ಹತ್ತಿರ 20 ಕೆ.ಜಿ. ತಕ್ಕಡಿಯಲ್ಲಿ ಅದರರ್ಧವೂ ತೂಗದ ವಸ್ತುವಿಗೆ ಅಷ್ಟೂ ತೂಕದ ದುಡ್ಡು! 32 ಇಂಚಿನದಾಗಿದ್ದರೆ ವಿಮಾನದಲ್ಲೇ ಒಯ್ಯಬಹುದಿತ್ತೇನೋ.

ಎಸ್.ಪಿ. ರೋಡಿನ ರಿಪೇರಿಯವರನ್ನೂ ಕೇಳಿದೆ. “ಪ್ಯಾನೆಲ್ ಒಡೆದ್ರೆ ಹೊಸ ಟಿವಿ ತಗೊಳ್ಳೋದೇ ವಾಸಿ ಮೇಡಂ. ಕಳಿಸೋದಾದ್ರೆ ನಿಲ್ಲಿಸೇ ಕಳಿಸಿ, ಮಲಗಿಸ್ಬೇಡಿ” ಅಂದರು. ಗಡಿ ದಾಟಿದ ಮೇಲೆ ನಮ್ಮ ವಾರಂಟಿಯೂ ನಡೆಯುವುದಿಲ್ಲ ಎಂದು ಕಾರ್ಡಿನಲ್ಲೇ ಇತ್ತು.

ಕೆಲಸ ಕೊಟ್ಟ ಕಂಪನಿಯವರೇ ಸಾಮಾನು ಸಾಗಿಸುವ ಕಂಟೇನರ್ ಖರ್ಚು ಕೊಡುವುದಾದರೆ ಲೆಕ್ಕ ಬೇರೆ. ಯುರೋಪ್ ಒಕ್ಕೂಟದ ಹೊರಗೆ ಕನಿಷ್ಠ 12 ತಿಂಗಳು ವಾಸವಿದ್ದವರು, ಆರು ತಿಂಗಳಾದರೂ ಬಳಸಿದ ಮನೆಸಾಮಾನನ್ನು ಸುಂಕವಿಲ್ಲದೆ ತರಬಹುದು. ಹಳೇ ಬಿಲ್ಲು ಜೋಪಾನವಾಗಿಟ್ಟುಕೊಳ್ಳಿ. ಹಾಗೆ ತಂದದ್ದನ್ನು ಒಂದು ವರ್ಷ ಮಾರುವಂತಿಲ್ಲ.

ನಮ್ಮ ಖರ್ಚು ನಮ್ಮದೇ ಆಗಿತ್ತು. ಟಿವಿ ತುಮಕೂರಿನ ಅತ್ತೆಯವರ ಮನೆಗೆ ಹೋಯಿತು, ಸ್ಟಿಕ್ ನಮ್ಮ ಕೈಚೀಲ ಸೇರಿತು. ಕನ್ನಡ ಧಾರಾವಾಹಿಗಳ ಆ್ಯಪ್ ಹೊರದೇಶದಲ್ಲಿ ತೆರೆಯುತ್ತದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ. ಕೆಲವು ಚಂದಾ ಭಾರತದೊಳಗೆ ಮಾತ್ರ.

ಮ್ಯೂನಿಕ್‌ನಲ್ಲಿ ಸೆಕೆಂಡ್ ಹ್ಯಾಂಡ್ ಟಿವಿ ಕೊಂಡೆವು. ಅಲ್ಲಿ ಪ್ರಸಾರ ಶುಲ್ಕ ಅಂತ ಮನೆಗೆ ತಿಂಗಳಿಗೆ 18.36 ಯೂರೋ ಕಟ್ಟಬೇಕು, ಟಿವಿ ಇದ್ದರೂ ಇಲ್ಲದಿದ್ದರೂ. ಊರಿಂದ ತಂದ ಸ್ಟಿಕ್ಕಿನ ಎರಡು ಪಿನ್ನಿನ ಚಾರ್ಜರ್ ಅಲ್ಲಿಯ ಸಾಕೆಟ್ಟಿಗೆ ಸರಿಯಾಗಿ ಕೂತಿತು. ಮಿಕ್ಸಿಯ ಮೂರು ಪಿನ್ನಿಗೆ ಮಾತ್ರ ಅಡಾಪ್ಟರ್ ಕೊಳ್ಳಬೇಕಾಯಿತು.