ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬ ಊಟ

ವಿಜಯಪುರದ ನಮ್ಮ ಮನೆಯಲ್ಲಿ ಸಂಬಳ ಬಂದ ಕೂಡಲೇ ಜೋಳ, ಕಾಳು, ಕಡಲೆಹಿಟ್ಟು, ಶೇಂಗಾ ತಂದುಬಿಡುತ್ತೇನೆ. ಗಿರಣಿಯಲ್ಲಿ ಜೋಳವನ್ನು ವಾರಕ್ಕಾಗುವಷ್ಟೇ ಬೀಸಿಸಿ. ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ. ಸೊಪ್ಪಿಗೆ ಸಂತೆ ಮುಗಿಯುವ ಹೊತ್ತಿಗೆ ಹೋಗಿ.

ತರಕಾರಿ ಇಲ್ಲದ ದಿನ ಝುಣಕ ಮಾಡಿ. ನಾಲ್ವರಿಗೆ ಒಂದು ಬಟ್ಟಲು ಕಡಲೆಹಿಟ್ಟು ಸಾಕು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಎರಡು ಬಟ್ಟಲು ನೀರು, ಉಪ್ಪು, ಅರಿಶಿಣ ಹಾಕಿ ಕುದಿಸಿ. ಹಿಟ್ಟು ಉದುರಿಸುತ್ತಾ ಗಂಟಾಗದಂತೆ ತಿರುವಿ, ಸಣ್ಣ ಉರಿಯಲ್ಲಿ ಮುಚ್ಚಿಡಿ. ಹಸಿ ವಾಸನೆ ಪೂರ್ತಿ ಹೋಗಲೇಬೇಕು, ಇಲ್ಲಿ ಅವಸರ ಬೇಡ.

ಮಡಕಿ ಕಾಳು ಮೊಳಕೆ ಬರಿಸಿದರೆ ಜಾಸ್ತಿ ಆಗುತ್ತದೆ. ಕಾಳು ಬೇಯಿಸಿದ ಕಟ್ಟನ್ನು ಸುಮ್ನೆ ಚೆಲ್ಲಬೇಡಿ. ಹುಣಸೆಹುಳಿ, ಖಾರ ಹಾಕಿ ಕುದಿಸಿದರೆ ರಾತ್ರಿಯ ಅನ್ನಕ್ಕೆ ಸಾರು. ಮಿಕ್ಕ ರೊಟ್ಟಿಯನ್ನು ಮುರಿದು, ನೀರು ಚಿಮುಕಿಸಿ ಒಗ್ಗರಣೆ ಹಾಕಿ; ಬೆಳಗಿನ ನಾಷ್ಟಾ ಆಯಿತು.