ಜರ್ಮನಿಯ ಅತಿಥಿಗಳನ್ನು ಕಳಿಸಿಕೊಡುವ ಕೆಲಸ: ನನ್ನ ಅನುಭವ

ಗದಗ ಪಕ್ಕದ ಬೆಟಗೇರಿಯ ನಮ್ಮ ಚರ್ಚ್ ಸಭೆಗೆ ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆಯಿಂದ ಆಗಾಗ ಅತಿಥಿಗಳು ಬರುತ್ತಾರೆ. ಅಲ್ಲಿನ ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮೂರಿಗೆ ಬಂದರು. ಆ ನಂಟು ಇನ್ನೂ ಹರಿದಿಲ್ಲ. ಬರಮಾಡಿಕೊಳ್ಳುವಾಗ ಎಲ್ಲರೂ ಮುಂದೆ ನಿಲ್ಲುತ್ತಾರೆ. ಕಳಿಸಿಕೊಡುವ ಕೆಲಸ ಮಾತ್ರ ಯಾಕೋ ನನ್ನ ಪಾಲಿಗೇ ಬಂದು, ಅಲ್ಲೇ ಉಳಿದುಬಿಟ್ಟಿದೆ.

ಈ ಕೆಲಸದಲ್ಲಿ ನನ್ನದು ಒಂದೇ ಹಟ. ಬೀಳ್ಕೊಡುಗೆ ಹಿಂದಿನ ಸಂಜೆಯೇ ಮುಗಿಯಬೇಕು. ಹೊರಡುವ ದಿನ ಅವರಿಗೆ ಪಾಸ್‌ಪೋರ್ಟ್, ಮಾತ್ರೆ, ಚಾರ್ಜರ್ ಹುಡುಕುವುದೇ ಸಾಕಾಗಿರುತ್ತದೆ. ಆಗ ಹಾರ ಹಿಡಿದು ಅಂಗಳದಲ್ಲಿ ನಿಂತರೆ ಯಾರಿಗೆ ಸುಖ? ಅದಕ್ಕಿಂತ ಮುಖ್ಯ, ನಾವು ಕೊಟ್ಟಿದ್ದನ್ನೆಲ್ಲ ಪೆಟ್ಟಿಗೆಗೆ ಹೊಂದಿಸಲು ಅವರಿಗೆ ಒಂದು ರಾತ್ರಿಯಾದರೂ ಬೇಕು.

ಸಂಜೆಯ ಕಾರ್ಯಕ್ರಮದಲ್ಲಿ ಎಲ್ಲರಿಗೂ ಎರಡು ಮಾತು ಆಡುವ ಆಸೆ. ನಮ್ಮ ಕಡೆ ಎರಡು ಮಾತು ಅಂದರೆ ಅರ್ಧ ತಾಸು, ಗೊತ್ತಲ್ವಾ. ಅನುವಾದ ಸೇರಿದರೆ ಒಂದು ತಾಸು. ಹಾಗಾಗಿ ಎಲ್ಲರ ಪರವಾಗಿ ಪಾಸ್ಟರ್ ಒಬ್ಬರೇ ಮಾತಾಡುತ್ತಾರೆ. ಉಳಿದವರು ಒಂದು ದಪ್ಪ ನೋಟ್‌ಬುಕ್‌ನಲ್ಲಿ ಬರೆದು ಸಹಿ ಮಾಡುತ್ತಾರೆ. ಕನ್ನಡದಲ್ಲೇ ಬರೆಯಿರಿ ಅನ್ನುತ್ತೇನೆ, ಕೆಳಗೆ ಯೌವನಸ್ಥರು ಇಂಗ್ಲಿಷ್‌ನಲ್ಲಿ ಸಣ್ಣದಾಗಿ ಬರೆಯುತ್ತಾರೆ. ಅತಿಥಿಗಳಿಂದ ಪ್ರಸಂಗ, ಅಂದರೆ ಧರ್ಮಬೋಧನೆ, ಮಾಡಿಸುವುದಿಲ್ಲ. ಪ್ರವಾಸಿ ವೀಸಾದಲ್ಲಿ ಬಂದವರು ಆರಾಧನೆಯಲ್ಲಿ ಕೂಡಬಹುದು, ಬೋಧನೆ ಮಾಡುವ ಹಾಗಿಲ್ಲ. ವಂದನೆ ಹೇಳಿದರೆ ಸಾಕು. ಕೊನೆಗೆ ಕೀರ್ತನೆ 121. ಹೋಗುವಾಗ ಬರುವಾಗ ದೇವರು ಕಾಯುತ್ತಾನೆ ಅನ್ನುವ ಭಾಗ ಅದರಲ್ಲೇ ಇರುವುದು. ನಾವು ಕನ್ನಡದಲ್ಲಿ ಓದುತ್ತೇವೆ, ಅವರು ಜರ್ಮನ್‌ನಲ್ಲಿ. ಅವರ ಬೈಬಲ್ಲಿನಲ್ಲೂ ನಂಬರ್ ಅದೇ, ಹುಡುಕುವ ಗೋಜಿಲ್ಲ.

ಇನ್ನು ಕಾಣಿಕೆ. ಜಾಸ್ತಿ ತಲೆ ಓಡಿಸಬೇಕಾದದ್ದು ಇಲ್ಲೇ.

ಸೂಟ್‌ಕೇಸ್ ತೂಗುವ ಸಣ್ಣ ಕೊಕ್ಕೆ ತಕ್ಕಡಿ ನನ್ನ ಹತ್ತಿರ ಇದೆ. ಅಂತರರಾಷ್ಟ್ರೀಯ ವಿಮಾನದಲ್ಲಿ ಸಾಮಾನ್ಯವಾಗಿ 23 ಕೆಜಿ ಬಿಡುತ್ತಾರೆ. ಆದರೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬೇರೆ ಟಿಕೆಟ್ ಮಾಡಿದ್ದರೆ ಆ ವಿಮಾನದಲ್ಲಿ ಹೆಚ್ಚಾಗಿ 15 ಕೆಜಿ ಮಾತ್ರ. ಇದು ಗೊತ್ತಿಲ್ಲದೆ ನವಲಗುಂದದ ಜಮಖಾನೆ ಕೊಟ್ಟರೆ ಮುಗಿಯಿತು. ಗಾಜಿನ ಚೌಕಟ್ಟಿನ ಸ್ಮರಣಿಕೆ ಅಂತೂ ಬೇಡವೇ ಬೇಡ. ಒಡೆಯುತ್ತದೆ, ತೂಕ, ಮೇಲೆ ಕೊಟ್ಟವರ ಹೆಸರು ಪಡೆದವರ ಹೆಸರಿಗಿಂತ ದೊಡ್ಡದಾಗಿರುತ್ತದೆ.

ಧಾರವಾಡ ಪೇಢೆ ಕಟ್ಟಿಕೊಡಬೇಕು ಅಂತ ಎಲ್ಲರಿಗೂ ಇರುತ್ತದೆ. ಐರೋಪ್ಯ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥ ಒಯ್ಯಲು ನಿರ್ಬಂಧ ಇದೆ. ಪೇಢೆ ಅಂದರೆ ಪೂರ್ತಿ ಖೋವಾ. ಅಲ್ಲಿನ ಕಸ್ಟಮ್ಸ್‌ನವರ ಜೊತೆ ವಾದ ಮಾಡುವ ಕಷ್ಟ ಅವರಿಗೆ ಯಾಕೆ? ಬೇಕಾದಷ್ಟು ಇಲ್ಲೇ ತಿನ್ನಿಸಿ ಕಳಿಸುತ್ತೇವೆ. ಪೇರಲ, ಮಾವಿನಹಣ್ಣೂ ಅಷ್ಟೇ.

ನಮ್ಮ ಹಿರಿಯ ಹೆಣ್ಣುಮಕ್ಕಳು ಅತಿಥಿಗಳ ಉಡಿ ತುಂಬದೆ ಬಿಡುವುದಿಲ್ಲ. ಸಭೆಯಲ್ಲಿ ಕೆಲವರಿಗೆ ಇದು ಸರಿ ಬರುವುದಿಲ್ಲ. ನನಗೇನೂ ತಪ್ಪು ಕಾಣುವುದಿಲ್ಲ, ತವರಿನಿಂದ ಮಗಳನ್ನು ಕಳಿಸುವ ರೀತಿ ಅದು. ಆದರೆ ಉಡಿಯೊಳಗಿನ ಒಣಕೊಬ್ಬರಿ ಬಟ್ಟಲನ್ನು ನಾನು ಆಮೇಲೆ ತೆಗೆದಿಡುತ್ತೇನೆ. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹೊತ್ತಬಹುದು ಅಂತ ವಿಮಾನದಲ್ಲಿ ಬಿಡುವುದಿಲ್ಲ. ಗುಳೇದಗುಡ್ಡದ ಖಣ ಮಾತ್ರ ಹೋಗುತ್ತದೆ, ಹಗುರ. ಒಮ್ಮೆ ಉಡಿ ತುಂಬಿದ ಅಜ್ಜಿಯೊಬ್ಬರು ಅತಿಥಿಯ ಎರಡೂ ಕೆನ್ನೆ ಸವರಿ, ತಮ್ಮ ಹಣೆಯ ಪಕ್ಕ ಬೆರಳು ಒತ್ತಿ ಲಟಲಟ ಅಂತ ನೆಟಿಗೆ ಮುರಿದರು. ಪಾಪ, ಆ ಹೆಣ್ಣುಮಗಳು ಗಾಬರಿಯಾಗಿ ಅಜ್ಜಿಯ ಕೈಗೆ ನೋವಾಯಿತೇನೋ ಅಂತ ಹಿಡಿದು ನೋಡಿದರು. ಅಜ್ಜಿ "ನನಗೇನೂ ಆಗಿಲ್ಲವಾ, ನಿನಗ ದೃಷ್ಟಿ ಆಗಬಾರದು ಅಂತ" ಅಂದರು. ಅನುವಾದ ಮಾಡುವ ಹುಡುಗ ನಗುತ್ತಾ ನಿಂತುಬಿಟ್ಟ.

ನನ್ನ ಮೆಚ್ಚಿನ ಕಾಣಿಕೆ ಹಾವೇರಿಯ ಏಲಕ್ಕಿ ಹಾರ. ಹೂವಿನ ಹಾರ ರಾತ್ರಿಯೊಳಗೆ ಬಾಡುತ್ತದೆ, ಇದು ಹಾಗಲ್ಲ. ತೂಕ ಇಲ್ಲ, ಒಣಗಿದ ಮಸಾಲೆ ಪದಾರ್ಥ, ತಕರಾರಿಲ್ಲ. ಮುಂಚೆಯೇ ಹೇಳಿ ಮಾಡಿಸಬೇಕು. ಅದರ ಜೊತೆ ಕಸೂತಿ ಹಾಕಿದ ಒಂದು ಸಣ್ಣ ಚೀಲ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಪುಡಿಗಳು ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಯಲ್ಲಿ ಹೋಗಲಿ. ಚಟ್ನಿಗೆ ಬ್ಯಾಡಗಿ ಮೆಣಸಿನಕಾಯಿ ಹಾಕಿಸುತ್ತೇನೆ. ಬಣ್ಣ ಇರುತ್ತದೆ, ಖಾರ ಕಡಿಮೆ.

ಕೊನೆಯ ದಿನ ಇನ್ನೊಂದು ಪ್ರಸಂಗ ಬರುತ್ತದೆ, ಲಕೋಟೆಯದು. ಅತಿಥಿಗಳು ಪ್ರೀತಿಯಿಂದ ಸಭೆಗೆ ಅಂತ ಹಣ ಕೈಗಿಡಲು ಬರುತ್ತಾರೆ. ಅವರು ಇಲ್ಲೇ ರೂಪಾಯಿ ಮಾಡಿಸಿಕೊಂಡು ಕೊಟ್ಟರೂ ಕಾನೂನಿನ ಲೆಕ್ಕದಲ್ಲಿ ಅದು ವಿದೇಶಿ ದೇಣಿಗೆಯೇ. ಅದಕ್ಕೆ ವಿದೇಶಿ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎ ಅಡಿ ನೋಂದಣಿ ಇರಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಹೊರಡುವ ಗಡಿಬಿಡಿಯಲ್ಲಿ ಬೇಡ ಅಂದರೆ ಅವರಿಗೆ ಬೇಜಾರಾಗುತ್ತದೆ. ಅದಕ್ಕೆ ಎರಡು ದಿನ ಮುಂಚೆಯೇ ಪಾಸ್ಟರ್ ಚಹಾ ಕುಡಿಯುತ್ತಾ ಈ ವಿಷಯ ಹೇಳಿರುತ್ತಾರೆ. ಕೊಡುವುದಿದ್ದರೆ ಡಯಾಸಿಸ್ (ನಮ್ಮ ಭಾಗದ ಚರ್ಚ್‌ಗಳನ್ನೆಲ್ಲ ನೋಡಿಕೊಳ್ಳುವ ಧರ್ಮಪ್ರಾಂತ) ಮೂಲಕ ಕೊಡಿ ಅಂತ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೋಗುವವರು ಸಾಮಾನ್ಯವಾಗಿ ನಡುರಾತ್ರಿಯ ಮೇಲೆ ವಿಮಾನ ಹತ್ತುತ್ತಾರೆ. ಅವರಿಗೆ ನಾನು 2023ರಲ್ಲಿ ಶುರುವಾದ ವಂದೇ ಭಾರತ್ ಹೇಳುತ್ತೇನೆ. ಮಧ್ಯಾಹ್ನ ಹುಬ್ಬಳ್ಳಿ ಬಿಟ್ಟು ರಾತ್ರಿ ಹೊತ್ತಿಗೆ ಬೆಂಗಳೂರು. ತಕ್ಕಡಿ ಚಿಂತೆಯೂ ಅರ್ಧ ಕಡಿಮೆ. ಆದರೂ ಕೈಯಲ್ಲಿ ಸಮಯ ಇಟ್ಟುಕೊಂಡೇ ಬೆಟಗೇರಿ ಬಿಡಬೇಕು. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಡಬ್ಬಿ ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಕೇಳಿಕೊಳ್ಳದಿದ್ದರೆ ಪೆಟ್ಟಿಗೆ ಎಳೆದು ಸುಸ್ತು. ಸಾಮಾನು ಏರಿಸಲು ಒಬ್ಬರೇ ಒಳಗೆ ಹೋಗುವುದು, ಅವರೂ ತಕ್ಷಣ ಇಳಿಯಬೇಕು. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಆಮೇಲೆ ಮುಂದಿನ ಸ್ಟೇಷನ್ನೇ ಗತಿ. ಕಿಟಕಿಯೂ ತೆರೆಯುವುದಿಲ್ಲ. ಹಳೆ ರೈಲಿನ ಹಾಗೆ ಕೈ ಹಿಡಿದುಕೊಂಡು ಜೊತೆಗೆ ನಡೆಯುವುದು ಇಲ್ಲಿ ಆಗುವುದಿಲ್ಲ. ಅದಕ್ಕೇ ಸ್ಟೇಷನ್ನಿಗೆ ಒಂದು ಕಾರಿನಷ್ಟು ಜನ ಸಾಕು. "ಹೋಗಿ ಬರ್ರಿ" ಅಂತ ಹೇಳುವವರೆಲ್ಲ ಹಿಂದಿನ ಸಂಜೆಯೇ ಹೇಳಿರುತ್ತಾರೆ.

ಅವರು ಹೋದ ಮೇಲೆ ಕೋಣೆಯಲ್ಲಿ ಒಂದಿಷ್ಟು ಸಾಮಾನು ಉಳಿದಿರುತ್ತದೆ. ಸೋಪು, ಟೋಪಿ, ಸೊಳ್ಳೆ ಮುಲಾಮು. ಬಟ್ಟೆ ಬೇಕಾದವರಿಗೆ ಹೋಗುತ್ತದೆ. ಮಾತ್ರೆಗಳನ್ನು ಮಾತ್ರ ಯಾರು ಕೇಳಿದರೂ ಕೊಡುವುದಿಲ್ಲ. ಚೀಟಿ ಜರ್ಮನ್‌ನಲ್ಲಿರುತ್ತದೆ, ಯಾವುದಕ್ಕೆ ಅಂತ ನಮಗೆ ತಿಳಿಯುವುದಿಲ್ಲ. "ಫಾರಿನ್ ಗುಳಿಗಿ ಐತಿ, ಒಂದ ಕೊಡ್ರಿ" ಅಂತ ಬರುವವರು ಪ್ರತಿ ಸಲ ಇದ್ದೇ ಇರುತ್ತಾರೆ.